ಮೊದಲು ಮೇಜು, ಆಮೇಲೆ ಅಟ್ಟ: ಅರವತ್ತು ದಾಟಿದವರು ಮನೆ ಹಗುರ ಮಾಡಿಕೊಂಡು ಕೈಕೆಲಸಕ್ಕೆ ಕೂರುವ ಬಗೆ

ಮನೆ ಹಗುರ ಮಾಡಬೇಕು ಅಂತ ಹೊರಟವರು ಹೆಚ್ಚಾಗಿ ಮೊದಲು ನೋಡುವುದು ಅಟ್ಟವನ್ನು. ನಾನೂ ಹಾಗೇ ಮಾಡಿದೆ. ನಮ್ಮವರು ತೀರಿಕೊಂಡು ಒಂದು ವರ್ಷ ಆಗಿತ್ತು. ಮಗಳು ಬೆಂಗಳೂರಲ್ಲಿ, ಮಗ ದುಬೈಯಲ್ಲಿ. ಉಡುಪಿ ಕಡೆಯ ಶಂಕರಪುರದ ಹತ್ತಿರದ ಈ ಹಂಚಿನ ಮನೆಯಲ್ಲಿ ಎಂಟು ಕೋಣೆ, ಒಂದು ಅಟ್ಟ, ಹಸು ಇಲ್ಲದ ಒಂದು ಕೊಟ್ಟಿಗೆ, ಮತ್ತೆ ನಾನು. ಒಂದು ಬೆಳಿಗ್ಗೆ ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿದೆ. ಮಧ್ಯಾಹ್ನದ ಹೊತ್ತಿಗೆ ಚಾವಡಿ ತುಂಬ ಸಾಮಾನು, ಮೈ ತುಂಬ ಧೂಳು. ಮಾವನವರ ಕೊಡೆ, ಮಕ್ಕಳ ಸ್ಲೇಟು, ಯಾರದೋ ಮದುವೆಯ ಕಾಗದ. ಯಾವುದನ್ನೂ ಬಿಸಾಡಲು ಮನಸ್ಸಾಗಲಿಲ್ಲ, ಯಾವುದನ್ನು ಇಟ್ಟುಕೊಳ್ಳಬೇಕು ಅಂತಲೂ ತೋಚಲಿಲ್ಲ. ಸಂಜೆ ಎಲ್ಲವನ್ನೂ ಪುನಃ ಅಟ್ಟಕ್ಕೇ ಏರಿಸಿದೆ. ಇಳಿಯುವಾಗ ಏಣಿಯ ಕೊನೆಯ ಮೆಟ್ಟಿಲು ತಪ್ಪಿತು. ಪಾದ ಉಳುಕಿ ಮೂರು ವಾರ ಕೂತಲ್ಲೇ ಕೂತೆ.

ಆ ಮೂರು ವಾರದಲ್ಲಿ ಮಾಡಿದ್ದು ಒಂದೇ ಕೆಲಸ. ಕಿಟಕಿಯ ಹತ್ತಿರದ ಮೇಜಿನ ಮೇಲೆ ಹಳೆ ಪೇಪರು, ಔಷಧಿ ಡಬ್ಬ, ಕರೆಂಟು ಬಿಲ್ಲು, ಬರೆಯದ ಪೆನ್ನು ರಾಶಿ ಬಿದ್ದಿತ್ತು. ಅದನ್ನೆಲ್ಲ ತೆಗೆದು, ಒರೆಸಿ, ಅಲ್ಲಿ ಕೂತು ಅಮ್ಮನ ಹಳೇ ನೂಲಿನ ಸೀರೆಯಲ್ಲಿ ಮೊಮ್ಮಗುವಿಗೆ ಒಂದು ಗೋದಡಿ ಹೊಲಿಯತೊಡಗಿದೆ. ನಾಲ್ಕನೇ ದಿನ ಬೆಳಿಗ್ಗೆ ಕಣ್ಣು ಬಿಡುವಾಗಲೇ ಇವತ್ತು ಯಾವ ಸಾಲು ಹಿಡಿಯಬೇಕು ಅಂತ ಲೆಕ್ಕ ಹಾಕುತ್ತಿದ್ದೆ. ಬೆಳಿಗ್ಗೆ ಹಾಗೆ ಏನಾದರೂ ನೆನಪಾಗಿ ಎದ್ದು ಒಂದು ವರ್ಷವೇ ಆಗಿತ್ತು.

ಕಾಲು ಸರಿಯಾದ ಮೇಲೆ ಮನೆ ಹಗುರ ಮಾಡುವ ಕೆಲಸ ಪುನಃ ಹಿಡಿದೆ. ಈ ಸಲ ಅಷ್ಟು ಕಷ್ಟ ಆಗಲಿಲ್ಲ. ನನಗೇನು ಬೇಕು ಅಂತ ಗೊತ್ತಿತ್ತು. ಬಟ್ಟೆ ಹರಡಲು ಜಾಗ, ಬೆಳಕು, ಬಗ್ಗದೆ ಕೈಗೆ ಸಿಗುವ ಒಂದು ಕಪಾಟು. ಇದಕ್ಕೆ ಅಡ್ಡ ಬಂದ ಸಾಮಾನು ಒಂದೊಂದಾಗಿ ಹೊರಗೆ ಹೋಯಿತು. ಅದಕ್ಕೇ ಹೇಳುವುದು, ಮನೆ ಖಾಲಿಯಾದ ಮೇಲೆ ಕೈಕೆಲಸ ಶುರು ಮಾಡುತ್ತೇನೆ ಅಂತ ಕಾಯಬೇಡಿ. ಮೊದಲು ಕೆಲಸಕ್ಕೆ ಕೂತುಬಿಡಿ. ಮನೆ ಖಾಲಿ ಮಾಡುವ ಶಕ್ತಿ ಅಲ್ಲಿಂದಲೇ ಬರುತ್ತದೆ.

ಸುಸ್ತು ಎಲ್ಲಿಂದ ಬಂತು ಅಂತ ನೋಡಿಸಿ

ವಯಸ್ಸಾಯ್ತಲ್ಲ, ಸುಸ್ತು ಇದ್ದದ್ದೇ ಅಂತ ಸುಮ್ನೆ ಇರಬೇಡಿ. ನನ್ನ ಅಕ್ಕ ಎರಡು ವರ್ಷ ಮಧ್ಯಾಹ್ನ ಊಟ ಆದ ಕೂಡಲೇ ಮಲಗಿದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಏಳುತ್ತಿದ್ದಳು. ಎಲ್ಲರೂ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದೆವು. ರಕ್ತ ಪರೀಕ್ಷೆ ಮಾಡಿಸಿದಾಗ ವಿಟಮಿನ್ ಬಿ12 ತೀರಾ ಕಡಿಮೆ ಇತ್ತು. ಸಸ್ಯಾಹಾರಿಗಳಲ್ಲಿ ಇದು ಜಾಸ್ತಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲೂ ಬಿ12 ಇಳಿಯುವುದುಂಟು. ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್, ಬಿ12, ವಿಟಮಿನ್ ಡಿ ಇಷ್ಟನ್ನು ನೋಡಿಸಿ. ಈಗ ತೆಗೆದುಕೊಳ್ಳುವ ಎಲ್ಲ ಮಾತ್ರೆಯನ್ನೂ ಒಂದು ತೊಟ್ಟೆಯಲ್ಲಿ ಹಾಕಿ ಡಾಕ್ಟರರ ಎದುರು ಇಡಿ. ಕೆಲವು ಮಾತ್ರೆಗಳಿಂದಲೇ ತೂಕಡಿಕೆ ಬರುತ್ತದೆ. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ, ಕೇಳಿ ನಿಲ್ಲಿಸಿ.

ಪರೀಕ್ಷೆಯಲ್ಲಿ ಏನೂ ಕಾಣದೆ, ಮನಸ್ಸೇ ಕುಗ್ಗಿದೆ ಅನಿಸಿದರೆ ಅದಕ್ಕೂ ಔಷಧಿ ಇದೆ, ಮಾತಿನ ಚಿಕಿತ್ಸೆಯೂ ಇದೆ. ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಫೋನು ಸೇವೆ ಇದೆ, ನಂಬರು 14416. ಕನ್ನಡದಲ್ಲೇ ಮಾತಾಡಬಹುದು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಇನ್ನು ಮೈಯ ಬಲ. ವಾರಕ್ಕೆ ಕಡಿಮೆ ಅಂದರೂ 150 ನಿಮಿಷ ಸ್ವಲ್ಪ ಉಸಿರು ಜೋರಾಗುವಷ್ಟು ನಡಿಗೆ, 65 ದಾಟಿದವರಿಗೆ ವಾರದಲ್ಲಿ ಮೂರು ದಿನ ಸಮತೋಲನದ ವ್ಯಾಯಾಮ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾನು ಮಾಡುವುದು ಸುಲಭದ್ದು. ಅಕ್ಕಿ ಬೇಯುವಾಗ ಅಡುಗೆಮನೆಯ ಕಟ್ಟೆ ಹಿಡಿದು ಒಂದೊಂದೇ ಕಾಲಲ್ಲಿ ನಿಲ್ಲುತ್ತೇನೆ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುತ್ತೇನೆ. ಮೊದಲ ವಾರ ನಾಲ್ಕಕ್ಕೇ ತೊಡೆ ನಡುಗುತ್ತಿತ್ತು. ಪೆಟ್ಟಿಗೆ ಎತ್ತಲು, ಕೆಳಗಿನ ಖಾನೆಗೆ ಬಗ್ಗಿ ಏಳಲು ಬೇಕಾದ ಬಲ ಇದೇ.

ಮೇಜು

ನಿಮ್ಮ ಮನೆಯಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ದೀಪ ಹಾಕದೆ ಸೂಜಿಯ ಕಣ್ಣು ಕಾಣುವ ಜಾಗ ಯಾವುದು? ಮೇಜು ಅಲ್ಲಿಗೆ ಬರಲಿ. ಹಳೇ ಹಂಚಿನ ಮನೆಗಳಲ್ಲಿ ಒಳಗೆ ಕತ್ತಲೆ ಜಾಸ್ತಿ, ಜಗಲಿಯೋ ಚಾವಡಿಯ ಕಿಟಕಿಯೋ ಒಳ್ಳೆಯದು. ಬಲಗೈಯವರಿಗೆ ಬೆಳಕು ಎಡಗಡೆಯಿಂದ ಬೀಳಬೇಕು, ಇಲ್ಲದಿದ್ದರೆ ಕೈಯ ನೆರಳು ಕೆಲಸದ ಮೇಲೇ ಬೀಳುತ್ತದೆ. ವಯಸ್ಸಾದ ಕಣ್ಣಿಗೆ ಬೆಳಕು ಹೆಚ್ಚು ಬೇಕು. ಕತ್ತು ತಿರುಗಿಸಬಹುದಾದ ಒಂದು ಎಲ್‌ಇಡಿ ದೀಪ ತನ್ನಿ, ಅದರ ವಯರು ನಡೆಯುವ ದಾರಿಗೆ ಅಡ್ಡ ಬರದಂತೆ ಗೋಡೆ ಬದಿಗೆ ಹೋಗಲಿ. ಕೈಯಿರುವ ಕುರ್ಚಿ, ಬೆನ್ನಿಗೊಂದು ದಿಂಬು. ಕಾಲು ನೆಲಕ್ಕೆ ಮುಟ್ಟದಿದ್ದರೆ ಕೆಳಗೊಂದು ಮಣೆ.

ಈ ಮೇಜಿನ ಮೇಲೆ ಬೇರೆ ಏನೂ ಇಡುವಂತಿಲ್ಲ. ಕರೆಂಟು ಬಿಲ್ಲು ಕೂಡ. ಇದೊಂದರಲ್ಲಿ ನಾನು ಹಟ ಹಿಡಿದೆ. ಮಗಳು ರಜೆಯಲ್ಲಿ ಬಂದು ಲ್ಯಾಪ್‌ಟಾಪ್ ತಂದಿಟ್ಟಾಗ, "ಮಗಾ, ಅದು ಊಟದ ಮೇಜಿಗೆ ಹೋಗ್ಲಿ" ಅಂದೆ. ಅವಳಿಗೆ ಆಶ್ಚರ್ಯ ಆಯಿತು. ಮೂವತ್ತೈದು ವರ್ಷದಲ್ಲಿ ಈ ಮನೆಯಲ್ಲಿ ನನ್ನದು ಅಂತ ಒಂದು ಜಾಗ ಇರಲಿಲ್ಲ, ಅಲ್ವಾ?

ಇಪ್ಪತ್ತು ನಿಮಿಷಕ್ಕೆ ಮೊಬೈಲಿನಲ್ಲಿ ಅಲಾರಾಂ ಇಡಿ. ಬಾರಿಸಿದಾಗ ಎದ್ದು ಬಾವಿಕಟ್ಟೆಯವರೆಗೆ ಹೋಗಿ ಬನ್ನಿ. ಬೆರಳ ಗಂಟು ನೋಯುವವರು ಕೂರುವ ಮೊದಲು ಉಗುರುಬೆಚ್ಚಗಿನ ನೀರಲ್ಲಿ ಐದು ನಿಮಿಷ ಕೈ ಇಟ್ಟರೆ ಹಗುರ ಆಗುತ್ತದೆ. ಕ್ರೋಶ ಕಡ್ಡಿಗೆ, ಕತ್ತರಿಯ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಳ್ಳಿ. ತೆಳ್ಳಗಿನ ಹಿಡಿಯನ್ನು ಬಿಗಿಯಾಗಿ ಹಿಡಿಯುವುದರಿಂದಲೇ ನೋವು ಬರುವುದು.

ದೀಪಾವಳಿಯಿಂದ ಪತ್ತನಾಜೆಯವರೆಗೆ

ವರ್ಷಕ್ಕೆ 4,000 ಮಿಲಿಮೀಟರ್ ಹತ್ತಿರ ಮಳೆ ಸುರಿಯುವ ಊರು ನಮ್ಮದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೇ ಬೀಳುತ್ತದೆ. ಆ ನಾಲ್ಕು ತಿಂಗಳು ಸಾಮಾನು ಹೊರತೆಗೆದರೆ ಬಟ್ಟೆಗೆ ಬೂಸ್ಟು, ಪುಸ್ತಕಕ್ಕೆ ಬೂಸ್ಟು. ಬಿಸಿಲಿಗೆ ಹಾಕುವ ಹಾಗಿಲ್ಲ, ಸಾಗಿಸಲು ಗಾಡಿಯೂ ಬರುವುದಿಲ್ಲ. ಹಾಗಾಗಿ ಸಾಮಾನು ವಿಂಗಡಿಸುವುದೆಲ್ಲ ದೀಪಾವಳಿಗೆ ಶುರುವಾಗಿ ಪತ್ತನಾಜೆಗೆ ನಿಲ್ಲಲಿ. ಪತ್ತನಾಜೆ ಅಂದರೆ ತುಳು ಬೇಷ ತಿಂಗಳ ಹತ್ತನೇ ದಿನ, ಮೇ 24ರ ಆಸುಪಾಸು. ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ನಾವೂ ಪೆಟ್ಟಿಗೆ ಮುಚ್ಚಬೇಕು. ಮಳೆಗಾಲ ಪೂರ್ತಿ ಮೇಜಿಗೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಹೊರಗೆ ಹೋಗಲಾಗದೆ ಮನಸ್ಸು ಮಂಕಾಗುತ್ತದಲ್ಲ, ಆ ದಿನಗಳಿಗೆ ಬೇಕಾದ ಬಟ್ಟೆ, ನೂಲು, ಕತ್ತರಿಸಿದ ತುಂಡು ಎಲ್ಲ ಮೇ ತಿಂಗಳಲ್ಲೇ ಒಂದು ತಗಡಿನ ಡಬ್ಬದಲ್ಲಿ ತಯಾರಾಗಿರಲಿ.

ದಿನಕ್ಕೆ ಒಂದು ಖಾನೆ. ಕಪಾಟು ಅಲ್ಲ, ಕಪಾಟಿನ ಒಂದು ಖಾನೆ. ಬೆಳಿಗ್ಗೆ ಕಾಫಿ ಆದ ಮೇಲೆ ಮುಕ್ಕಾಲು ಗಂಟೆ. ಹೊರಗೆ ಹೋಗುವ ಸಾಮಾನು ಅದೇ ದಿನ ಗೇಟಿನ ಹತ್ತಿರದ ಕೋಣೆಗೆ ಹೋಗಬೇಕು. ಚಾವಡಿಯಲ್ಲಿ ಉಳಿದರೆ ರಾತ್ರಿ ಮನಸ್ಸು ಬದಲಾಗುತ್ತದೆ. ಏಣಿ ಹತ್ತುವ ಕೆಲಸ ನಿಮ್ಮದಲ್ಲ. ಕೂಲಿ ಕೊಟ್ಟು ಹುಡುಗರನ್ನು ಕರೆಯಿರಿ, ನೀವು ಕೆಳಗೆ ಕುರ್ಚಿ ಹಾಕಿ ಕೂತು ಹೇಳಿ.

ಫ್ಲ್ಯಾಟಿಗೆ ಹೋಗುವ ಯೋಚನೆ ಇದ್ದರೆ ಮೊದಲು ಇದೇ ಮನೆಯಲ್ಲಿ ಮೂರೇ ಕೋಣೆ ಬಳಸಿ ಒಂದು ತಿಂಗಳು ಇದ್ದು ನೋಡಿ. ಏನು ತರಲು ನಾಲ್ಕನೇ ಕೋಣೆಗೆ ಹೋದಿರಿ ಅಂತ ಬರೆದಿಡಿ. ಆ ಪಟ್ಟಿಯೇ ನಿಮ್ಮ ಜೊತೆ ಹೋಗಬೇಕಾದ ಸಾಮಾನು. ಇಲ್ಲೇ ಉಳಿಯುವವರಿಗೆ ಒಂದು ಮಾತು: ಬೀಗ ಹಾಕಿದ ಕೋಣೆಯ ಕಿಟಕಿಯನ್ನು ವಾರಕ್ಕೊಮ್ಮೆ ತೆರೆಯಿರಿ. ಗಾಳಿಯಾಡದ ಕೋಣೆಗೆ ಗೆದ್ದಲು ಬರಲು ಒಂದು ಮಳೆಗಾಲ ಸಾಕು.

ಬಟ್ಟೆಯಿಂದ ಶುರು ಮಾಡಿ

ಬಟ್ಟೆಯಲ್ಲಿ ತೀರ್ಮಾನ ಸುಲಭ, ಮತ್ತೆ ಕೈಕೆಲಸಕ್ಕೆ ಬೇಕಾದ ಸಾಮಾನು ಅಲ್ಲೇ ಸಿಗುತ್ತದೆ. ನನ್ನ ಹತ್ತಿರ 74 ಸೀರೆ ಇತ್ತು. ಹಿಂದಿನ ಎರಡು ದೀಪಾವಳಿಗಳ ನಡುವೆ ಉಟ್ಟದ್ದು 15. ಆ ಹದಿನೈದು ಉಳಿಯಿತು. ರೇಷ್ಮೆ ಸೀರೆಗಳ ಫೋಟೋ ತೆಗೆದು ಮಗಳಿಗೆ, ಸೊಸೆಗೆ, ನಾದಿನಿಯ ಮಕ್ಕಳಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಬೇಕಾದವರು ಶಿವರಾತ್ರಿಯೊಳಗೆ ಹೇಳಿ ಅಂದೆ. ದಿನ ಗೊತ್ತು ಮಾಡದಿದ್ದರೆ "ನೋಡೋಣ ಅಮ್ಮ" ಅಂತ ವರ್ಷ ಕಳೆಯುತ್ತದೆ. ಬೇಡ ಅಂದರೆ ಬೇಸರ ಮಾಡಿಕೊಳ್ಳಬೇಡಿ. ಅವರು ಬೇಡ ಅನ್ನುವುದು ಸೀರೆಯನ್ನು, ನಮ್ಮನ್ನಲ್ಲ. ಸೊಸೆ ಎರಡೇ ಕೇಳಿದಳು, ಆ ಎರಡನ್ನೂ ಈಗ ಉಡುತ್ತಾಳೆ. ಉಳಿದದ್ದು ಮನೆಗೆಲಸಕ್ಕೆ ಬರುವವಳ ಮಗಳ ಮದುವೆಗೆ ಹೋಯಿತು. ಹಳೇ ಬೈರಾಸು (ಟವೆಲು), ಬೆಡ್‌ಶೀಟುಗಳನ್ನು ನಾಯಿ ಬೆಕ್ಕು ಸಾಕುವವರು ಸಂತೋಷದಿಂದ ತೆಗೆದುಕೊಳ್ಳುತ್ತಾರೆ.

ತೊಳೆದು ತೊಳೆದು ಮೆತ್ತಗಾದ ನೂಲಿನ ಸೀರೆಗಳನ್ನು ಮಾತ್ರ ಯಾರಿಗೂ ಕೊಡಬೇಡಿ. ಅವು ನಿಮ್ಮ ಮೇಜಿಗೆ.

ಪಾತ್ರೆ, ಕಾಗದ, ಉಗ್ರಾಣ

ಪಾತ್ರೆಯಲ್ಲಿ ನಾನು ಒಂದು ತಪ್ಪು ಮಾಡಿದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಗುಜರಿಯವನು ಬಂದ ದಿನ ಅವಸರದಲ್ಲಿ ಎಲ್ಲವನ್ನೂ ಒಟ್ಟಿಗೆ ಒಂದೇ ದರಕ್ಕೆ ತೂಗಿಸಿದೆ. ಅದರಲ್ಲಿ ಬಚ್ಚಲಿನ ತಾಮ್ರದ ಹಂಡೆಯಿತ್ತು, ಅತ್ತೆಯ ಕಂಚಿನ ಬಟ್ಟಲುಗಳಿದ್ದವು. ಕಬ್ಬಿಣ, ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ, ಕಂಚು ಐದಕ್ಕೂ ಬೇರೆ ಬೇರೆ ದರ. ಮೊದಲೇ ಬೇರೆ ಬೇರೆ ಗೋಣಿಯಲ್ಲಿ ಹಾಕಿಡಿ. ಕಂಚು ಗೊತ್ತಾಗದಿದ್ದರೆ ಬೆರಳ ಗಂಟಿನಿಂದ ಬಡಿದು ನೋಡಿ, ಗಂಟೆಯ ಹಾಗೆ ನಾದ ಉಳಿಯುತ್ತದೆ. ಒಬ್ಬರ ಹತ್ತಿರ ದರ ಕೇಳಿ ಸುಮ್ಮನಾಗಬೇಡಿ, ಎರಡು ಅಂಗಡಿಗೆ ಫೋನು ಮಾಡಿ. ಮನೆಯವರನ್ನು ಕೇಳದೆ ಹಂಡೆ ಕೊಡಬೇಡಿ. ಹಂಡೆ ಹೋಯಿತು ಅಂತ ಕೇಳಿ ಮಗ ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಚಿಕ್ಕಂದಿನಲ್ಲಿ ಅದರೊಳಗೆ ಅಡಗಿ ಕೂರುತ್ತಿದ್ದ.

ಸೇರು, ಕಳಸಿಗೆಯಂಥ ಅಳತೆಯ ಸಾಮಾನು, ಮರದ ಶ್ಯಾವಿಗೆ ಒರಳು, ಅಡಿಕೆ ಹಾಳೆಯ ಟೊಪ್ಪಿ ಮುಟ್ಟಾಳೆ ಇಂಥವು ಗುಜರಿಗೆ ಹೋಗಬೇಕಾದವಲ್ಲ. ಬಂಟ್ವಾಳದ ಬಿ.ಸಿ. ರೋಡಿನ ಸಂಚಯಗಿರಿಯಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ತುಳು ಬದುಕು ವಸ್ತುಸಂಗ್ರಹಾಲಯ ಇದೆ. ನಮ್ಮಜ್ಜಿಯರು ಬಳಸಿದ ಸಾಮಾನು ಅಲ್ಲಿ ಸಾಲಾಗಿ ಇಟ್ಟಿದ್ದಾರೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೇ ಮನೆಗಳನ್ನೇ ತಂದು ಪುನಃ ಕಟ್ಟಿ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಮಾಡಿದರು. ನೋಡಿ ಬನ್ನಿ. ಯಾವುದನ್ನು ಉಳಿಸಬೇಕು ಅಂತ ಕಣ್ಣಿಗೆ ತಿಳಿಯುತ್ತದೆ. ಕೊಡುವ ಮನಸ್ಸಿದ್ದರೆ ಹೊತ್ತುಕೊಂಡು ಹೋಗುವ ಮೊದಲು ಫೋನು ಮಾಡಿ ಕೇಳಿ. ಕಡೆಯುವ ಕಲ್ಲು ಯಾರಿಗೂ ಬೇಡ ಅಂದಾಗ ಅದನ್ನು ಮಲ್ಲಿಗೆ ಗಿಡದ ಹತ್ತಿರ ಇಟ್ಟು ನೀರು ತುಂಬಿಸಿದೆ. ಪಿಕಳಾರ, ಮಡಿವಾಳ ಹಕ್ಕಿ ಬಂದು ಮೀಯುತ್ತವೆ. ನೀರನ್ನು ಎರಡು ದಿನಕ್ಕೊಮ್ಮೆ ಚೆಲ್ಲಿ ಬದಲಿಸಬೇಕು, ಸೊಳ್ಳೆ ಮರಿ ಆಗಬಾರದು.

ಕಾಗದಕ್ಕೆ ಅವಸರ ಸಲ್ಲದು. ನಮ್ಮ ಜಿಲ್ಲೆಗಳಲ್ಲಿ ಎಷ್ಟೋ ಮನೆಗಳ ಜಾಗ 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಡಿಕ್ಲರೇಶನ್‌ನಲ್ಲಿ, ಅಂದರೆ ಗೇಣಿಗೆ ಉಳುತ್ತಿದ್ದವರು ಅರ್ಜಿ ಹಾಕಿ, ಬಂದದ್ದು. ಭೂನ್ಯಾಯ ಮಂಡಳಿಯ ಆದೇಶ, ಜಾಗದ ಹಕ್ಕಿನ ಪತ್ರವಾದ ಫಾರ್ಮ್ 10, ಹಳೇ ಮೂಲಗೇಣಿ (ಶಾಶ್ವತ ಗೇಣಿ) ಚೀಟು ಇವೆಲ್ಲ ಮಾಸಿದ ಹಳದಿ ಕಾಗದಗಳು, ರದ್ದಿಯ ಹಾಗೇ ಕಾಣುತ್ತವೆ. ಅವೇ ಜಾಗದ ಬೇರು. ಒಂದೊಂದು ಹಾಳೆ ಓದದೆ ಯಾವ ಕಟ್ಟನ್ನೂ ಕೊಡಬೇಡಿ. ಹೀಗೆ ಕೂತಾಗಲೇ ಬ್ಯಾಂಕಿನ ನಾಮಿನಿ ಯಾರು ಅಂತ ನೋಡಿ, ಉಯಿಲು ಬರೆದಿಡಿ. ಸಾದಾ ಕಾಗದದಲ್ಲಿ ಬರೆದರೂ ನಡೆಯುತ್ತದೆ. ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೆಯದು. ಮನೆ ಹಗುರ ಮಾಡುವ ಭರದಲ್ಲಿ ಮನೆಯನ್ನೇ ಮಕ್ಕಳ ಹೆಸರಿಗೆ ದಾನಪತ್ರ ಮಾಡುವವರಿದ್ದಾರೆ. ಮಾಡಲೇಬೇಕಾದರೆ ನಿಮ್ಮನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತು ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಷರತ್ತು ಮುರಿದರೆ ಆ ದಾನವನ್ನು ರದ್ದು ಮಾಡಿಸಲು ಅವಕಾಶ ಇದೆ. ಹಿರಿಯರ ಸಹಾಯವಾಣಿ 14567.

ಫೋಟೋಗಳನ್ನು ಎಲ್ಲಕ್ಕಿಂತ ಕೊನೆಗೆ ನೋಡಿ. ಹಿಂಬದಿಯಲ್ಲಿ ಮೆತ್ತಗಿನ ಪೆನ್ಸಿಲಿನಿಂದ ಹೆಸರು, ಊರು ಬರೆಯಿರಿ. ಪೆನ್ನಿನ ಶಾಯಿ ಮುಂದಕ್ಕೆ ಇಳಿಯುತ್ತದೆ. ಬಣ್ಣ ಮಾಸಿದ ದೇವರ ಪಟಗಳನ್ನು ಹೊಳೆಗೆ ಬಿಡುವುದು ಬೇಡ. ಗಾಜು, ಚೌಕಟ್ಟು ಬೇರೆ ಮಾಡಿ, ಕಾಗದವನ್ನು ಕೈಮುಗಿದು ಹೂವಿನ ಗಿಡದ ಬುಡದಲ್ಲಿ ಹೂಳಿ.

ಕೊಟ್ಟಿಗೆ, ಉಗ್ರಾಣ, ಸೌದೆ ಕೋಣೆ ತೆಗೆಯುವಾಗ ಜಾಗ್ರತೆ. ಇಲಿ ಓಡಾಡಿದ ಜಾಗ ಅದು. ನಮ್ಮ ಕರಾವಳಿಯಲ್ಲಿ ಇಲಿ ಜ್ವರ ಇದೆ. ಇಲಿಯ ಮೂತ್ರ ತಾಗಿದ ನೀರು, ಕೆಸರು ಗಾಯದ ಮೂಲಕ ಮೈಗೆ ಸೇರಿದರೆ ಸಾಕು. ರಬ್ಬರ್ ಕೈಗವಸು, ಕಾಲಿಗೆ ಬೂಟು, ಮೂಗಿಗೆ ಮಾಸ್ಕ್. ಒಣ ಧೂಳು ಗುಡಿಸಬೇಡಿ, ಬ್ಲೀಚಿಂಗ್ ಪುಡಿ ಕಲಸಿದ ನೀರು ಚಿಮುಕಿಸಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ. ಮುಂದಿನ ಎರಡು ಮೂರು ವಾರದಲ್ಲಿ ಜ್ವರ, ಮೈಕೈ ನೋವು ಬಂದರೆ ಉಗ್ರಾಣ ಶುಚಿ ಮಾಡಿದ್ದೆ ಅಂತ ಡಾಕ್ಟರರಿಗೆ ಮರೆಯದೆ ಹೇಳಿ.

ಗೋದಡಿ

ಉತ್ತರ ಕರ್ನಾಟಕದವರು ಕೌದಿ ಅನ್ನುತ್ತಾರೆ. ಮೊದಲ ಸಲಕ್ಕೆ ಮಗುವಿನ ಅಳತೆಯದ್ದು ಸಾಕು, ಬೇಗ ಮುಗಿಯುತ್ತದೆ. ಮುಗಿಸಿದ ಸಂತೋಷವೇ ಎರಡನೆಯದಕ್ಕೆ ಕೂರಿಸುತ್ತದೆ.

ಒಂದು ಸೀರೆ ಸಾಧಾರಣ 5.5 ಮೀಟರ್. 90 ಸೆಂಟಿಮೀಟರಿಗೆ ಒಂದರಂತೆ ಕತ್ತರಿಸಿದರೆ ಆರು ತುಂಡು ಬರುತ್ತದೆ. ಅಗಲ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ. ನಾಲ್ಕು ತುಂಡು ಗೋದಡಿಗೆ, ಉಳಿದ ಎರಡರಲ್ಲಿ ತರಕಾರಿ ಚೀಲ. ಪಾಲಿಯೆಸ್ಟರ್ ಸೀರೆ ಬೇಡ, ಪದರ ಜಾರುತ್ತದೆ, ಮಗುವಿಗೆ ಬೆವರುತ್ತದೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ಎರಡು ಹೆಬ್ಬೆರಳಿನಿಂದ ಎಳೆದು ನೋಡಿ. ಎಲ್ಲಿ ಜಾಳಾಗಿದೆಯೋ ಆ ತುಂಡು ಒಳಪದರಕ್ಕೆ, ಗಟ್ಟಿಯಿದ್ದದ್ದು ಮೇಲೆ ಕೆಳಗೆ. ಗಂಜಿ ಹಾಕದೆ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ.

ನೆಲದ ಮೇಲೆ ಹರಡಲು ಹೋಗಬೇಡಿ, ಸೊಂಟ ಕೇಳುವುದಿಲ್ಲ. ಮಂಚದ ಮೇಲೆ ಹರಡಿ. ನಾಲ್ಕು ಪದರವನ್ನು ಒಂದರ ಮೇಲೊಂದು ಇಟ್ಟು, ಅಂಗೈಯಿಂದ ನಡುವಿನಿಂದ ಹೊರಕ್ಕೆ ನೀವಿ. ಸುಕ್ಕು ಹೊರಗೆ ಹೋಗಬೇಕು. ಒಂದೊಂದು ಗೇಣಿಗೆ ಒಂದು ಸೇಫ್ಟಿ ಪಿನ್ನು. ಈಗ ಮೇಜಿಗೆ ತಂದರೂ ಪದರ ಕದಲುವುದಿಲ್ಲ.

ಹೊಲಿಗೆ ನಡುವಿನಿಂದಲೇ ಶುರು. ಅಂಚಿನಿಂದ ಹೊರಟರೆ ನಡುವೆ ಬಟ್ಟೆ ಗುಳ್ಳೆಯ ಹಾಗೆ ಎದ್ದು ಕೂರುತ್ತದೆ. ನನ್ನ ಮೊದಲ ಗೋದಡಿಯಲ್ಲಿ ಅದನ್ನು ಬಿಚ್ಚಿ ಪುನಃ ಹೊಲಿಯಲು ಎರಡು ದಿನ ಹಿಡಿಯಿತು. ನೂಲು ದಪ್ಪದ್ದು, ಹತ್ತಿಯದ್ದು. ಒಂದು ಮೊಳಕ್ಕಿಂತ ಉದ್ದ ಬೇಡ, ಗಂಟು ಬೀಳುತ್ತದೆ. ಸೂಜಿಗೆ ನೂಲು ಹಾಕಲು ಅಂಗಡಿಯಲ್ಲಿ ಸಣ್ಣ ತಂತಿಯ ಕೊಕ್ಕೆ ಸಿಗುತ್ತದೆ, ತಂದಿಟ್ಟುಕೊಳ್ಳಿ. ದರ್ಜಿಗಳು ಬೆರಳಿಗೆ ಹಾಕುವ ಲೋಹದ ಟೊಪ್ಪಿಯೂ ಬೇಕು. ನಾಲ್ಕು ಪದರ ದಾಟಿಸಲು ನಡುಬೆರಳಿನಿಂದ ತಳ್ಳಬೇಕಾಗುತ್ತದೆ. ಗಂಟನ್ನು ಪದರದೊಳಗೆ ಅಡಗಿಸಿ. ಮೇಲೆ ಕೆಳಗೆ, ಮೇಲೆ ಕೆಳಗೆ, ಸಾದಾ ಹೊಲಿಗೆ. ಒಂದೊಂದು ಹೊಲಿಗೆ ಕುಚ್ಚಲಕ್ಕಿ ಕಾಳಿನಷ್ಟು ಉದ್ದ. ಸಾಲಿಗೂ ಸಾಲಿಗೂ ಎರಡು ಬೆರಳಿನ ಅಂತರ. ಅಡ್ಡಕ್ಕೆ ಸುಮಾರು 30 ಸಾಲು ಬರುತ್ತದೆ. ದಿನಕ್ಕೆ ಎರಡು ಸಾಲು ಹಾಕಿದರೆ ಹದಿನೈದು ದಿನ. ಸಾಲು ಡೊಂಕಾದರೆ ಹಾಗೇ ಇರಲಿ.

ಅಂಚಿಗೆ ನಮ್ಮವರ ಎರಡು ಚೆಕ್ಸ್ ಅಂಗಿಗಳನ್ನು ತೆಗೆದುಕೊಂಡೆ. ಆ ಅಂಗಿಗಳು ಒಂದು ವರ್ಷದಿಂದ ಬಾಗಿಲ ಹಿಂದಿನ ಮೊಳೆಯಲ್ಲೇ ಇದ್ದವು. ಕತ್ತರಿ ಹಾಕುವಾಗ ಕೈ ನಡುಗಿತು. ಒಂದು ದಿನ ಬಿಟ್ಟು ಪುನಃ ಕೂತೆ. ಎಂಟು ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿ, ಉದ್ದಕ್ಕೆ ಜೋಡಿಸಿ, ಮಡಚಿ ನಾಲ್ಕೂ ಬದಿಗೆ ಹೊಲಿದೆ. ನಾಲ್ಕು ಮೀಟರಿಗಿಂತ ಸ್ವಲ್ಪ ಹೆಚ್ಚು ಪಟ್ಟಿ ಬೇಕಾಗುತ್ತದೆ. ಮೊಮ್ಮಗು ಈಗ ಅದರ ಮೂಲೆಯನ್ನು ಬಾಯಿಗೆ ಹಾಕಿಕೊಂಡು ಮಲಗುತ್ತದೆ ಅಂತ ಮಗಳು ಹೇಳುತ್ತಾಳೆ. ಮಗುವಿನ ಗೋದಡಿಗೆ ಗುಂಡಿ, ಮಣಿ ಏನೂ ಹಾಕಬೇಡಿ. ಒಂದು ವರ್ಷದೊಳಗಿನ ಮಗುವಿಗೆ ಹೊದಿಸುವುದೂ ಬೇಡ, ಕೆಳಗೆ ಹಾಸಿ.

ಬೇರೆ ಕೈಗಳಿಗೆ ಬೇರೆ ಕೆಲಸ

ಸೂಜಿ ಹಿಡಿಯಲಾಗದವರು ಹತ್ತಿಯ ಹೂಬತ್ತಿ ಮಾಡಬಹುದು, ಮಲ್ಲಿಗೆ ಕಟ್ಟಬಹುದು. ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವುದು ನಮ್ಮೂರಿನ ಮನೆಮನೆಯ ಕೆಲಸ, ಬೆರಳಿಗೆ ಅದಕ್ಕಿಂತ ಹಗುರದ ವ್ಯಾಯಾಮ ನನಗೆ ಗೊತ್ತಿಲ್ಲ. ಅಷ್ಟಮಿಯ ಹೊತ್ತಿಗೆ ಮೂಡೆ, ಅಂದರೆ ಇಡ್ಲಿ ಹಿಟ್ಟು ಹೊಯ್ದು ಬೇಯಿಸುವ ಕೇದಗೆ ಜಾತಿಯ ಎಲೆಯ ಕೊಟ್ಟೆ, ಕಟ್ಟುವವರ ಹತ್ತಿರ ಕೂತು ಕಲಿಯಿರಿ. ಎಲೆಯ ಮುಳ್ಳು ತೆಗೆದು, ಬೆಂಕಿಗೆ ಬಾಡಿಸಿ, ಸುತ್ತಿ ಕಡ್ಡಿ ಚುಚ್ಚುವುದನ್ನು ಕಣ್ಣಲ್ಲಿ ನೋಡಿಯೇ ಕಲಿಯಬೇಕು, ಬರೆದು ತಿಳಿಸುವುದು ಕಷ್ಟ.

ಬ್ಯಾಂಕಿನಿಂದ ನಿವೃತ್ತರಾದ ನನ್ನ ಭಾವ ಗೆರಟೆ (ತೆಂಗಿನ ಚಿಪ್ಪು) ಸೌಟು ಮಾಡುತ್ತಾರೆ. ಬಲಿತ ಕಾಯಿಯ ಗೆರಟೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ಹೊರಗಿನ ನಾರನ್ನು ಚೂರಿಯಲ್ಲಿ ಹೆರೆಯಬೇಕು. ಆಮೇಲೆ ಉಪ್ಪುಕಾಗದ. ಮೊದಲು 80 ನಂಬರಿನದ್ದು, ಆಮೇಲೆ 120, ಕೊನೆಗೆ 220. ಎದುರುಬದುರು ಎರಡು ತೂತು ಕೊರೆದು ಬಿದಿರಿನ ಹಿಡಿ ದಾಟಿಸಿ, ತೆಂಗಿನೆಣ್ಣೆ ಹಚ್ಚಿ ಒರೆಸಿದರೆ ಕಪ್ಪು ಕಲ್ಲಿನ ಹಾಗೆ ಹೊಳೆಯುತ್ತದೆ. ಜಗಲಿಯಲ್ಲಿ ಕೂತು, ಮಾಸ್ಕ್ ಹಾಕಿ ಉಜ್ಜಿ. ಆ ಪುಡಿ ಶ್ವಾಸಕ್ಕೆ ಒಳ್ಳೆಯದಲ್ಲ. ಭಾವ ಇನ್ನು ಮೇಲೆ ಸುಮ್ನೆ ಟಿ.ವಿ. ಎದುರು ಕೂರುವುದಿಲ್ಲ ಅಂತ ಅಕ್ಕನಿಗೆ ಸಮಾಧಾನ.

ಮೊದಲ ವರ್ಷ ಮಾರಲು ಹೋಗಬೇಡಿ. ಆರ್ಡರು, ದಿನಾಂಕ, ದರ ಅಂತ ಶುರುವಾದರೆ ಅದು ಪುನಃ ನೌಕರಿ. ನಿಮ್ಮ ಹತ್ತಿರ ಬೇಡುವವರಿಗೆ ಕೊಡಿ, ಸಾಕು.

ಡಬ್ಬದ ದುಡ್ಡು

ಗುಜರಿಯಿಂದ, ಹಳೇ ಸಾಮಾನಿನಿಂದ ಬಂದ ದುಡ್ಡನ್ನು ನಾನು ಒಂದು ಬಿಸ್ಕಿಟು ಡಬ್ಬದಲ್ಲಿ ಬೇರೆ ಇಟ್ಟೆ. ಮನೆ ಖರ್ಚಿಗೆ ಅಲ್ಲ, ಮೊಮ್ಮಕ್ಕಳಿಗೂ ಅಲ್ಲ. ನನಗೆ. ಇದನ್ನು ಹೇಳಲು ಮೊದಲು ಸಂಕೋಚ ಆಗುತ್ತಿತ್ತು. ಈಗಿಲ್ಲ. ತಿಂಗಳಿಗೊಮ್ಮೆ ಉಡುಪಿಗೆ ಬಸ್ಸು ಹತ್ತುತ್ತೇನೆ. ಕೃಷ್ಣಮಠ, ರಥಬೀದಿಯಲ್ಲಿ ಒಂದು ಸುತ್ತು, ಅಕ್ಕನ ಜೊತೆ ಒಂದು ಗಡ್ಬಡ್ ಐಸ್‌ಕ್ರೀಮು ಹಂಚಿಕೊಂಡು ತಿನ್ನುವುದು. ಸಕ್ಕರೆ ಇರುವವರು ಬೇರೆ ಏನಾದರೂ ಹುಡುಕಿಕೊಳ್ಳಿ. ಮಲ್ಪೆಯ ಸಮುದ್ರ ತೀರದ ಸಂಜೆಗೆ ದುಡ್ಡೂ ಬೇಡ. ಮಧ್ಯಾಹ್ನ ಎರಡರಿಂದ ಮೂರು ಗಂಟೆ ನನ್ನ ಹೊತ್ತು, ಆಗ ಫೋನು ಎತ್ತುವುದಿಲ್ಲ ಅಂತ ಮಕ್ಕಳಿಗೆ ಹೇಳಿಟ್ಟಿದ್ದೇನೆ.

ಡಬ್ಬ ತುಂಬಿದಾಗ ಕಿನ್ನಿಗೋಳಿಗೆ ಹೋದೆ, ತಾಳಿಪಾಡಿ ನೇಕಾರರ ಸಹಕಾರ ಸಂಘಕ್ಕೆ. ಉಡುಪಿ ಸೀರೆ ಅಲ್ಲಿ ಕೈಮಗ್ಗದಲ್ಲಿ ನೇಯುತ್ತಾರೆ. 2016ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿದೆ. ನೇಯುವವರಲ್ಲಿ ಎಷ್ಟೋ ಮಂದಿ ನನ್ನ ವಯಸ್ಸಿನವರು, ನನಗಿಂತ ಹಿರಿಯರೂ ಇದ್ದಾರೆ. 59 ಸೀರೆ ಮನೆಯಿಂದ ಹೊರಗೆ ಕಳಿಸಿದವಳು ಒಂದನ್ನು ಕೊಂಡೆ. ತಿಳಿ ಬೂದು ಮೈ, ಕೆಂಪು ಅಂಚು. ನೀವೂ ಹೋದರೆ ಸೀರೆಯನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡಿ. ಎರಡೂ ಬದಿ ಒಂದೇ ಥರ ಕಾಣುತ್ತದೆ, ಮೈ ಹಗುರ, ನಮ್ಮ ಸೆಕೆಗೆ ಹೇಳಿ ಮಾಡಿಸಿದ್ದು. ಮೊದಲ ಸಲ ತಣ್ಣೀರಿಗೆ ಒಂದು ಹಿಡಿ ಕಲ್ಲುಪ್ಪು ಹಾಕಿ ಬೇರೆಯೇ ಒಗೆಯಿರಿ, ನೆರಳಲ್ಲಿ ಒಣಗಿಸಿ. ಮದುವೆ ಮುಂಜಿಗೆ ಅಂತ ಕಪಾಟಿನಲ್ಲಿ ಎತ್ತಿಡಬೇಡಿ. ನಾನು ಅದನ್ನು ಉಟ್ಟುಕೊಂಡೇ ಮೇಜಿಗೆ ಕೂರುತ್ತೇನೆ.